ಆಫೀಸಿನ ವೇಳೆಯಲ್ಲೇ ಹೊಸ ಐಡಿಯಾಗಳಿಗೆ ಸಮಯ ಬಿಡಬೇಕೇ?

ಪರ: ವಾರಕ್ಕೆ ಅರ್ಧ ದಿನವಾದರೂ ಬಿಡಿ

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಈ ಮಾತು ಬಂದಾಗ ಎಲ್ಲರೂ ಹೇಳುವುದು ಅಮೆರಿಕದ ತ್ರೀಎಂ ಕಂಪನಿಯ ವಿಷಯ. ಕೆಲಸದ ಸಮಯದಲ್ಲಿ ಶೇಕಡಾ 15ರಷ್ಟನ್ನು ಸ್ವಂತ ಐಡಿಯಾಗೆ ಬಳಸಬಹುದು ಎಂಬ ರೂಢಿ ಅಲ್ಲಿ 1948ರಿಂದಲೂ ಇದೆ. 1968ರಲ್ಲಿ ಅಲ್ಲಿನ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಲು ಹೊರಟರು. ಸಿಕ್ಕಿದ್ದು ಸುಲಭವಾಗಿ ಕಿತ್ತು ಬರುವ ಅಂಟು. ವರ್ಷಗಟ್ಟಲೆ ಅದು ಯಾರಿಗೂ ಬೇಡವಾಗಿತ್ತು. ಆಮೇಲೆ ಆರ್ಟ್ ಫ್ರೈ ಎಂಬ ಸಹೋದ್ಯೋಗಿಗೆ, ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿ ಜಾರಿ ಬೀಳುವಾಗ ಅದೇ ಅಂಟು ನೆನಪಾಯಿತು. 1980ರಲ್ಲಿ ಪೋಸ್ಟ್-ಇಟ್, ಅಂದರೆ ಅಂಟಿಸಿ ಮತ್ತೆ ಕಿತ್ತು ತೆಗೆಯಬಹುದಾದ ಚೀಟಿ, ಅಮೆರಿಕದ ತುಂಬ ಮಾರಾಟಕ್ಕೆ ಬಂತು.

ಎರಡನೆಯ ಕಾರಣ, ಎಲ್ಲಿ ತೊಡಕಿದೆ ಎಂದು ದಿನಾ ಕೆಲಸ ಮಾಡುವವರಿಗೇ ಗೊತ್ತು. ಟೊಯೋಟಾ 1951ರಲ್ಲೇ ನೌಕರರಿಂದ ಸಲಹೆ ಕೇಳುವ ಪದ್ಧತಿ ಶುರು ಮಾಡಿತು. ಒಂದೇ ಅಂಕಿಯನ್ನು ಮೂರು ಫಾರಂನಲ್ಲಿ ತುಂಬುವವರಿಗೆ ಅದನ್ನು ಒಂದಕ್ಕೆ ಇಳಿಸುವ ದಾರಿಯೂ ಹೊಳೆದಿರುತ್ತದೆ. ಕೂತು ಮಾಡಲು ಪುರುಸೊತ್ತಿಲ್ಲ, ಅಷ್ಟೇ.

ಎಲ್ಲ ಟೀಮಿಗೂ ಇದು ಆಗಿಬರುತ್ತದೆ ಅನ್ನಲಾರೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ವಾರ ಬೇಡ ಅಂತ ನನಗೂ ಅನಿಸುತ್ತದೆ. ಉಳಿದ ವಾರಗಳಲ್ಲಿ ಬಿಡಬಹುದು.

ವಿರೋಧ: ಆಮೇಲೆ ಅದನ್ನು ನೋಡಿಕೊಳ್ಳೋರು ಯಾರು?

ಪರ ಬರೆದವರು ಪೋಸ್ಟ್-ಇಟ್ ಕಥೆ ಹೇಳಿಯೇ ಇರುತ್ತಾರೆ. ಅಂಟು ಸಿಕ್ಕಿ 12 ವರ್ಷ ಆದ ಮೇಲೆ ಆ ಚೀಟಿ ಎಲ್ಲ ಕಡೆ ಅಂಗಡಿಗೆ ಬಂತು. ನಮ್ಮ ಬಾಸುಗಳು 12 ವಾರ ಕಾಯ್ತಾರಾ? ಅವರಿಗೆ ಮುಂದಿನ ರಿವ್ಯೂ ಮೀಟಿಂಗಿಗೆ ಒಂದು ಡೆಮೊ ಬೇಕು, ಒಂದು ಫೋಟೋ ಬೇಕು.

ನಾನಿದ್ದ ಒಂದು ಟೀಮಿನಲ್ಲಿ ಶುಕ್ರವಾರ ಮಧ್ಯಾಹ್ನ ಐಡಿಯಾಗಳಿಗೆ ಮೀಸಲು. ಒಬ್ಬ ಹುಡುಗ, ಭಾರೀ ಚುರುಕು, ಶಿಫ್ಟ್ ಹಂಚುವ ಎಕ್ಸೆಲ್ ಶೀಟ್ ಮಾಡಿದ. ಬಟನ್ ಒತ್ತಿದರೆ ಯಾರಿಗೆ ಯಾವ ಶಿಫ್ಟ್ ಅಂತ ಬಣ್ಣಬಣ್ಣವಾಗಿ ಬರುತ್ತಿತ್ತು. ಚಪ್ಪಾಳೆ, ಸರ್ಟಿಫಿಕೇಟ್. ಕೈಯಲ್ಲಿ ಬರೆಯುತ್ತಿದ್ದ ಹಳೇ ಪಟ್ಟಿ ನಿಲ್ಲಿಸಿದೆವು. ಹುಡುಗನಿಗೆ ಬೇರೆ ಕಡೆ ಒಳ್ಳೇ ಕೆಲಸ ಸಿಕ್ಕಿತು, ಹೋದ. ಆಮೇಲೆ ಯಾರೋ ಒಂದು ಕಾಲಂ ಸೇರಿಸಿದರು ನೋಡಿ, ಶೀಟಿನ ತುಂಬ ಎರರ್. ರಾತ್ರಿ ಪಾಳಿಗೆ ಒಬ್ಬರ ಹೆಸರೂ ಇಲ್ಲ, ಬೆಳಗ್ಗೆಗೆ ಇಡೀ ಟೀಮ್. ಒಳಗೆ ಏನಾಗಿದೆ ನೋಡೋಣ ಅಂದರೆ ಪಾಸ್‌ವರ್ಡ್. ಅವನಿಗೇ ಫೋನ್ ಮಾಡಿದೆ. ಪಾಪ, ತಕ್ಷಣ ತೆಗೆದ. "ಸಾರ್, ಅದನ್ನ ಇನ್ನೂ ಬಳಸ್ತಿದ್ದೀರಾ? ಸುಮ್ನೆ ಡೆಮೊಗೆ ಅಂತ ಮಾಡಿದ್ದು, ಡಿಲೀಟ್ ಮಾಡಿಬಿಡಿ" ಅಂದ. ಆ ರಾತ್ರಿ ಪಾಳಿಗೆ ನಾನೇ ಕೂತೆ.

ಕೆಲಸ ಮಾಡುವವರಿಗೇ ಎಲ್ಲ ಗೊತ್ತು ಅನ್ನುತ್ತಾರೆ. ಗೊತ್ತಿರೋದು ಒಂದೇ, ಕೆಲಸ ಜಾಸ್ತಿ ಇದೆ, ಜನ ಕಮ್ಮಿ ಇದ್ದಾರೆ. ಅದನ್ನು ಐಡಿಯಾ ಅಂತ ಬರೆದು ಕೊಟ್ಟರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಐಡಿಯಾಗಳಿಗೆ ಬರ ಬಂದು ಯಾವ ಕಂಪನಿಯೂ ಮುಳುಗಿಲ್ಲ. ಕ್ಯಾಮೆರಾ ಫಿಲ್ಮ್ ಮಾರುತ್ತಿದ್ದ ಕೊಡಾಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. 2012ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಐಡಿಯಾ ಮನೆಯಲ್ಲೇ ಇತ್ತು, ಅಲ್ವಾ?

ವರ್ಷದ ಅಪ್ರೈಸಲ್ ಫಾರಂನಲ್ಲಿ 'ಹೊಸದಾಗಿ ಏನು ಮಾಡಿದಿರಿ' ಅಂತ ಕಾಲಂ ಇರುತ್ತದೆ. 'ಏನು ಕೆಡದಂತೆ ನೋಡಿಕೊಂಡಿರಿ' ಅಂತ ಕೇಳಿದ್ದು ನಾನಂತೂ ಕಂಡಿಲ್ಲ. ಅರ್ಧ ದಿನ ಬಿಡಲೇಬೇಕು ಅಂತಿದ್ದರೆ ಒಂದು ಷರತ್ತು ಹಾಕಿ: ಹೊಸದು ಮಾಡಿದವರೇ ಅದನ್ನು ಒಂದು ವರ್ಷ ನೋಡಿಕೊಳ್ಳಬೇಕು, ರಾತ್ರಿ ಫೋನ್ ಬಂದರೂ ಅವರೇ ಎತ್ತಬೇಕು. ಶುಕ್ರವಾರ ಮಧ್ಯಾಹ್ನ ಎಷ್ಟು ಜನ ಕೈ ಎತ್ತುತ್ತಾರೆ ನೋಡೋಣ.