ಟಿಕೆಟ್ ಇದ್ದರೆ ಪಾರ್ಕಿಂಗ್ ಫ್ರೀ? ಹಾಗೇನಿಲ್ಲ

'ರೈಲು ಟಿಕೆಟ್ ಅಥವಾ ಪ್ಲಾಟ್‌ಫಾರ್ಮ್ ಟಿಕೆಟ್ ತೋರಿಸಿದರೆ ಸ್ಟೇಷನ್‌ನಲ್ಲಿ ಗಾಡಿ ನಿಲ್ಲಿಸಲು ದುಡ್ಡು ಕೊಡಬೇಕಿಲ್ಲ' ಎಂಬ ಮೆಸೇಜ್ ಓಡಾಡುತ್ತಿದೆ. ಇದು ಸುಳ್ಳು. 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ನಿಮ್ಮನ್ನು 2 ಗಂಟೆ ಹೊತ್ತು ಪ್ಲಾಟ್‌ಫಾರ್ಮ್ ಒಳಗೆ ಬಿಡುತ್ತದೆ, ಅಷ್ಟೇ. ಗಾಡಿಯ ಲೆಕ್ಕ ಬೇರೆ.

ಪಾರ್ಕಿಂಗ್ ಜಾಗವನ್ನು ರೈಲ್ವೆ ಹರಾಜು ಹಾಕಿ ಗುತ್ತಿಗೆಗೆ ಕೊಡುತ್ತದೆ. 2022ರಿಂದ ಈ ಹರಾಜು ಆನ್‌ಲೈನ್‌ನಲ್ಲೇ ನಡೆಯುತ್ತಿದೆ. ದರ ಎಲ್ಲ ಸ್ಟೇಷನ್‌ನಲ್ಲೂ ಒಂದೇ ಅಲ್ಲ. ಹಾಗಂತ ಚೀಟಿ ಹರಿಯುವವರು ಕೇಳಿದಷ್ಟು ಕೊಡಬೇಕಿಲ್ಲ. ದರದ ಬೋರ್ಡ್ ನೋಡಿ. ಚೀಟಿಯಲ್ಲಿ ಗಾಡಿ ಒಳಬಂದ ಹೊತ್ತು ಸರಿಯಾಗಿದೆಯಾ ನೋಡಿ. ಜಗಳ ಆಗುವುದೆಲ್ಲ ಅಲ್ಲೇ. ಜಾಸ್ತಿ ಕೇಳಿದರೆ 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ ಮದದ್ ಆ್ಯಪ್‌ನಲ್ಲಿ ಚೀಟಿಯ ಫೋಟೊ ಹಾಕಿ.

ಪ್ಯಾಸೆಂಜರ್ ರೈಲಿನ ಟಿಕೆಟ್‌ಗಿಂತ ಬೈಕ್ ನಿಲ್ಲಿಸಿದ ದುಡ್ಡೇ ಜಾಸ್ತಿ ಆಗುವುದು ನ್ಯಾಯವಾ ಅಂದರೆ, ನನ್ನ ಪ್ರಕಾರ ಅಲ್ಲ. ಅದನ್ನು ಕೇಳಲೇಬೇಕು, ಆದರೆ ಸುಳ್ಳು ಮೆಸೇಜ್ ಹಿಡಿದುಕೊಂಡಲ್ಲ.