ಬ್ರಹ್ಮಚಾರಿಗಳ ಸಂಘ ಅಂತೆ!

ಇವತ್ತು ಬೆಳಿಗ್ಗೆ ಚೆಂಬೂರಿನ ನಮ್ಮ ಮಾಮೂಲಿ ಹೋಟ್ಲಲ್ಲಿ ಊರಿನ ಹಿರಿಯರೊಬ್ರು (ಹೆಸರು ಬೇಡ, ಇಲ್ಲೇ ಫ್ರೆಂಡ್ ಲಿಸ್ಟಲ್ಲಿ ಇದ್ದಾರೆ) ಪೇಪರ್ ಮಡಚಿಟ್ಟು ದೊಡ್ಡ ದನಿಯಲ್ಲಿ, "ಈ ಅಣ್ವಸ್ತ್ರಮುಕ್ತ ವಲಯ ಅಂದ್ರೆ ಎಂತ ಗೊತ್ತುಂಟಾ, ಬ್ರಹ್ಮಚಾರಿಗಳೆಲ್ಲ ಸೇರಿ ಡೈವೋರ್ಸ್ ಕೊಡುದಿಲ್ಲ ಅಂತ ಸೈನ್ ಹಾಕಿದ ಹಾಗೆ" ಅಂದ್ರು. ಇಡೀ ಟೇಬಲ್ ನಕ್ಕಿತು. ನಂಗೆ ಮೈಯೆಲ್ಲ ಉರಿದುಹೋಯ್ತು. ಒಂದು ಪ್ರದೇಶದ ದೇಶಗಳೆಲ್ಲ ಸೇರಿ ನಮ್ಮಲ್ಲಿ ಅಣುಬಾಂಬ್ ಮಾಡುದಿಲ್ಲ, ಇಡುದಿಲ್ಲ ಅಂತ ಒಪ್ಪಂದ ಮಾಡಿಕೊಂಡ್ರೆ ಅದು ಅಣ್ವಸ್ತ್ರಮುಕ್ತ ವಲಯ. ಬಾಂಬೇ ಇಲ್ಲದವ್ರು ಬಾಂಬ್ ಬೇಡ ಅಂದ ಹಾಗೆ ಅಂತ ಇವ್ರ ಜೋಕು.

ಯಾರು ಮಾರಾಯ್ರೆ ಬ್ರಹ್ಮಚಾರಿ? ದಕ್ಷಿಣ ಆಫ್ರಿಕಾ ಆರು ಬಾಂಬ್ ಮಾಡಿ ಇಟ್ಟುಕೊಂಡಿತ್ತು, ತಾನೇ ಬಿಚ್ಚಿ ಹಾಕಿತು, ಆಮೇಲೆ 1996ರಲ್ಲಿ ಇಡೀ ಆಫ್ರಿಕಾಕ್ಕೆ ಅಂತ ಮಾಡಿದ ಒಪ್ಪಂದಕ್ಕೆ ಪೆಲಿಂಡಾಬಾ ಅಂತ ಹೆಸರಿಟ್ರು, ಪೆಲಿಂಡಾಬಾ ಅಂದ್ರೆ ಅವ್ರ ಪರಮಾಣು ಕೇಂದ್ರ ಇರೋ ಜಾಗ, ನಮಗೆ ಟ್ರಾಂಬೆ ಇದ್ದ ಹಾಗೆ. ಕಜಕಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ ಸೋವಿಯತ್‌ನವ್ರು 1949ರಿಂದ 1989ರ ತನಕ ನಾನೂರಕ್ಕೂ ಹೆಚ್ಚು ಸಲ ಬಾಂಬ್ ಸಿಡಿಸಿದ್ರು, ಹೋಗುವಾಗ ಸಾವಿರಕ್ಕೂ ಹೆಚ್ಚು ಸಿಡಿತಲೆ ಬಿಟ್ಟುಹೋದ್ರು. ಕಜಕಸ್ತಾನದವ್ರು ಅದೆಲ್ಲ ರಷ್ಯಾಕ್ಕೆ ವಾಪಸ್ ಕಳಿಸಿದ್ರು, 2006ರಲ್ಲಿ ಅದೇ ಊರಲ್ಲಿ ಮಧ್ಯ ಏಷ್ಯಾದ ಐದು ದೇಶ ಕೂತು ಸೈನ್ ಹಾಕಿದ್ವು. ಇದು ತಮಾಷೆಯಾ?

"ಎಲ್ಲ ಬರೀ ಕಾಗದ, ದೊಡ್ಡವ್ರು ಕೇರ್ ಮಾಡ್ತಾರಾ" ಅಂತ ಇನ್ನೊಂದು ವಾದ. ಹೌದಾ? ಆಗ್ನೇಯ ಏಷ್ಯಾದ ದೇಶಗಳು ಇಂಥದ್ದೇ ವಲಯಕ್ಕೆ ಮಾಡಿಕೊಂಡ 1995ರ ಬ್ಯಾಂಕಾಕ್ ಒಪ್ಪಂದ ನೋಡಿ. ಈ ವಲಯದ ಮೇಲೆ ಅಣ್ವಸ್ತ್ರ ಬಳಸುದಿಲ್ಲ, ಬೆದರಿಕೆ ಹಾಕುದಿಲ್ಲ ಅಂತ ಅಣ್ವಸ್ತ್ರ ಇರೋ ಐದು ದೊಡ್ಡ ದೇಶಗಳು (ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ) ಸೈನ್ ಹಾಕ್ಲಿಕ್ಕೆ ಅಂತಲೇ ಬೇರೆ ಪ್ರೋಟೋಕಾಲ್, ಅಂದ್ರೆ ಪೂರಕ ಒಪ್ಪಂದ ಉಂಟು. ದಶಕಗಳೇ ಕಳೆದ್ವು, ಸೈನ್ ಇಲ್ಲ. ಯಾಕೆ? ಆ ವಲಯದೊಳಗೆ ಸಮುದ್ರವೂ ಬರ್ತದಲ್ಲ, ಇವ್ರ ಹಡಗು, ಸಬ್‌ಮರೀನ್ ಕತೆ ಏನಾಗ್ಬೇಕು! ಬರೀ ಕಾಗದ ಆದ್ರೆ ಗೀಚಿ ಬಿಸಾಡ್ಬಹುದಿತ್ತು, ಅಷ್ಟು ಹೆದರಿಕೆ ಎಂತಕ್ಕೆ ಸ್ವಾಮೀ?

ಆಮೇಲೆ ನಮ್ಮ ದೇಶದ ಮೇಲೆ ತಂದ್ರು. 1974ರಲ್ಲಿ ಪೋಖರಣ್ ಆದ್ಮೇಲೆ ಪಾಕಿಸ್ತಾನ ದಕ್ಷಿಣ ಏಷ್ಯಾಕ್ಕೂ ಇಂಥ ವಲಯ ಬೇಕು ಅಂತ ವಿಶ್ವಸಂಸ್ಥೆಗೆ ಹೋಯ್ತು, ನಾವು ಒಪ್ಲಿಲ್ಲ, ಹಾಗಾದ್ರೆ ನಾವು ಮಾಡಿದ್ದು ತಪ್ಪಾ ಅಂತ. ತಪ್ಪು ಅಂದವ್ರು ಯಾರು, ಚೀನಾವನ್ನ ಹೊರಗಿಟ್ಟು ಎಂಥ ವಲಯ. ಆದ್ರೆ ಡೆಲ್ಲಿಯವ್ರು ನಿಮ್ಮ ಹಾಗೆ ನಕ್ಕು ಬಿಡ್ಲಿಲ್ಲ, ಕಾಗದದ ಬೆಲೆ ಗೊತ್ತಿದ್ದಕ್ಕೇ ವಿರೋಧ ಮಾಡಿದ್ದು. 1988ರಲ್ಲಿ ಅದೇ ಪಾಕಿಸ್ತಾನದ ಜೊತೆ, ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುದಿಲ್ಲ ಅಂತ ಸೈನ್ ಹಾಕಿದ್ದೂ ಕಾಗದವೇ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ಕಡೆಯವ್ರು ತಮ್ಮ ಸ್ಥಾವರಗಳ ಪಟ್ಟಿ ಕೊಟ್ಟು ತಗೊಳ್ತಾರೆ, ಮಾತುಕತೆಯೇ ನಿಂತ ವರ್ಷಗಳಲ್ಲೂ.

ನಮ್ಮ ಬಾಲ್ಕನಿಯಿಂದ ಟ್ರಾಂಬೆ ಗುಡ್ಡ ಕಾಣ್ತದೆ. ನಂಗೆ ಆ ಕಾಗದ ಬೇಕು. ಮತ್ತೆ ಆ ಹಿರಿಯರ ಫ್ಲ್ಯಾಟು, ಗೂಗಲ್ ಮ್ಯಾಪಲ್ಲಿ ಈಗಷ್ಟೇ ನೋಡಿದೆ, ನಂದಕ್ಕಿಂತ ಗುಡ್ಡಕ್ಕೆ ಹತ್ತಿರ.