ಬೀಗ ಹಾಕಿದ್ದ ಬಚ್ಚಲಿನ ಷವರ್

ಮಗಳು ಕೆಲಸಕ್ಕೆಂದು ಪುಣೆಗೆ ಹೋದಮೇಲೆ ನಮ್ಮ ಮಹಡಿಯ ರೂಮಿಗೆ ನಾಲ್ಕು ತಿಂಗಳು ಬೀಗವೇ ಇತ್ತು. ಹೋದ ವಾರ ಊರಿಂದ ಅಮ್ಮ ಬಂದಳು. ಆ ರೂಮನ್ನೇ ಕೊಟ್ಟೆವು. ಟವೆಲ್ ಹಿಡಿದು ಸ್ನಾನಕ್ಕೆ ಹೊರಟವಳನ್ನು "ಸ್ವಲ್ಪ ಇರಮ್ಮ" ಎಂದು ತಡೆದೆ.

"ನೀರು ಬರ್ತಿದೆಯಲ್ಲೋ, ಇನ್ನೇನು?" ಎಂದಳು.

ನೀರು ಬರುತ್ತಿತ್ತು ನಿಜ. ಆದರೆ ಅದು ನಾಲ್ಕು ತಿಂಗಳು ಪೈಪಿನಲ್ಲೇ ನಿಂತಿದ್ದ ನೀರು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಅಂಥ ಜಾಗ ಬಹಳ ಇಷ್ಟ. ಪೈಪಿನ ಒಳಗೋಡೆಗೆ ಕಟ್ಟುವ ಲೋಳೆಯಲ್ಲಿ ಅದು ಬೆಳೆಯುತ್ತದೆ. ಷವರ್ ಬಿಟ್ಟಾಗ ಸಣ್ಣ ಹನಿಗಳಲ್ಲಿ ತೇಲಿ, ಉಸಿರಿನ ಜೊತೆ ಶ್ವಾಸಕೋಶ ಸೇರಿದರೆ ಕೆಟ್ಟ ನ್ಯುಮೋನಿಯಾ ಬರಬಹುದು. ಎಲ್ಲರಿಗೂ ಬರುವುದಿಲ್ಲ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರಿಗೆ ಅಪಾಯ ಜಾಸ್ತಿ. ಅಮ್ಮನಿಗೆ 74, ಸಕ್ಕರೆಯೂ ಇದೆ.

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆದಿತ್ತು. ಅಲ್ಲಿ ಕಾಯಿಲೆ ಬಿದ್ದವರಲ್ಲಿ 34 ಜನ ತೀರಿಕೊಂಡರು. ಕಾರಣ ಯಾವ ಕ್ರಿಮಿ ಎಂದು ಗೊತ್ತಾಗಲು ಸುಮಾರು ಆರು ತಿಂಗಳು ಹಿಡಿಯಿತು. ಲೀಜಿಯೊನೆಲ್ಲಾ ಎಂಬ ಹೆಸರು ಬಂದದ್ದು ಆ ಸಂಘದಿಂದಲೇ.

ನನ್ನ ಸಂಕಟ ಇಷ್ಟೇ. ಕುಡಿಯುವ ನೀರಿಗೆ ಸಾವಿರಾರು ರೂಪಾಯಿಯ ಫಿಲ್ಟರ್ ಹಾಕಿಸುತ್ತೇವೆ. ಬಚ್ಚಲಿನ ನೀರಿನ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ. ಕರೆಂಟು ಉಳಿಯಲಿ ಅಂತ ಗೀಸರನ್ನು 45ಕ್ಕೆ ಇಡುತ್ತೇವೆ, ಅಲ್ವಾ? ಈ ಕ್ರಿಮಿ ಚೆನ್ನಾಗಿ ಬೆಳೆಯುವುದು 25ರಿಂದ 45 ಡಿಗ್ರಿಯ ನಡುವೆ. 60ರಲ್ಲಿ ಅದು ಉಳಿಯುವುದಿಲ್ಲ. ಬೆಂಗಳೂರಿನ ಮನೆಮನೆಯ ಮೇಲೂ ಸೋಲಾರ್ ಇದೆ. ಬಿಸಿಲಿದ್ದರೆ ನೀರು ಕುದಿಯುವ ಹಾಗೆ ಬರುತ್ತದೆ. ಮೋಡ ಹಿಡಿದರೆ ಟ್ಯಾಂಕು ದಿನಗಟ್ಟಲೆ ಉಗುರುಬೆಚ್ಚಗೆ ನಿಂತಿರುತ್ತದೆ. ಅದಕ್ಕೇ ಟ್ಯಾಂಕಿನೊಳಗೆ ಕರೆಂಟಿನಲ್ಲಿ ನೀರು ಕಾಯಿಸುವ ಕಾಯಿಲ್ ಕೊಟ್ಟಿರುತ್ತಾರೆ, ಹಾಕುವವರು ಕಡಿಮೆ. ಅಜ್ಜಿ ಮನೆಯಲ್ಲಿ ದಿನಾ ಹಂಡೆ ಕಾಯಿಸಿ ಅವತ್ತೇ ಖಾಲಿ ಮಾಡುತ್ತಿದ್ದರು. ನೀರು ನಿಲ್ಲಲು ಅಷ್ಟುದ್ದದ ಪೈಪೇ ಇರಲಿಲ್ಲ.

ಅವತ್ತು ನಾನು ಮಾಡಿದ್ದು ಕಷ್ಟದ ಕೆಲಸವೇನಲ್ಲ. ಷವರ್ ತಲೆ ಬಿಚ್ಚಿ ಉಜ್ಜಿ ತೊಳೆದೆ. ಕಿಟಕಿ ತೆಗೆದು, ನೀರು ಎರಚದಂತೆ ಪೈಪಿನ ಬಾಯಿಗೆ ಬಟ್ಟೆ ಸುತ್ತಿ, ಮೊದಲು ತಣ್ಣೀರು, ಆಮೇಲೆ ಗೀಸರ್ 60ಕ್ಕೆ ಇಟ್ಟು ಬಿಸಿನೀರು ಹರಿಯಬಿಟ್ಟು ಹೊರಗೆ ಬಂದೆ. 60ರ ನೀರು ಚರ್ಮ ಸುಡುತ್ತದೆ, ಮಕ್ಕಳಿದ್ದರೆ ಹುಷಾರು. ಬಕೆಟ್‌ಗೆ ಮೊದಲು ತಣ್ಣೀರು ಬಿಟ್ಟು ಬೆರೆಸಿಕೊಳ್ಳಿ.

ಇನ್ನೊಂದು ಮಾತು. ಬೀಗ ಹಾಕಿದ್ದ ಮನೆಗೆ ಮರಳಿದ ಮೇಲೋ, ಹೋಟೆಲಿನಲ್ಲಿ ಇದ್ದು ಬಂದ ಮೇಲೋ ಎರಡು ವಾರದೊಳಗೆ ಜೋರು ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ, ಎಲ್ಲಿ ಇದ್ದು ಬಂದಿರಿ ಎಂಬುದನ್ನೂ ಡಾಕ್ಟರಿಗೆ ಹೇಳಿ. ಸುಮ್ನೆ ಮೆಡಿಕಲ್ ಶಾಪಿನ ಮಾತ್ರೆ ನುಂಗಬೇಡಿ. ಪೆನಿಸಿಲಿನ್ ಜಾತಿಯ ಔಷಧಿ ಇದಕ್ಕೆ ನಾಟುವುದಿಲ್ಲ, ಬೇರೆ ಆಂಟಿಬಯಾಟಿಕ್ ಬೇಕು. ಮೂತ್ರ ಪರೀಕ್ಷೆಯಲ್ಲೂ ಇದನ್ನು ಪತ್ತೆ ಮಾಡಬಹುದು.

ಇವತ್ತೂ ಮೋಡ. ಅಮ್ಮನ ಸ್ನಾನಕ್ಕೆ ಈಗಷ್ಟೇ ಕಾಯಿಲ್ ಹಾಕಿ ಬಂದೆ.